ಪ್ರಷ್ಯನ್ ನೀಲಿ: ಹುಟ್ಟೋದು ಕ್ಷಣದಲ್ಲಿ, ಕುಂಚಕ್ಕೆ ಬರೋದು ಮೂರು ದಿನಕ್ಕೆ

ಪಿಯುಸಿ ಲ್ಯಾಬ್‌ನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದವರೆಲ್ಲ ಈ ನೀಲಿಯನ್ನು ನೋಡಿರುತ್ತೀರಿ. ಟೆಸ್ಟ್ ಟ್ಯೂಬ್‌ನಲ್ಲಿ ಕಬ್ಬಿಣದ ಉಪ್ಪಿನ ದ್ರಾವಣ. ಅದಕ್ಕೆ ಪೊಟ್ಯಾಸಿಯಂ ಫೆರೋಸಯನೈಡ್ ಎರಡು ಹನಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕಡು ನೀಲಿ. ರೆಕಾರ್ಡ್ ಬುಕ್ಕಿನಲ್ಲಿ "ಫೆರಿಕ್ ಇದೆ" ಎಂದು, ಅಂದರೆ ಫೆರಿಕ್ ಎಂಬ ಬಗೆಯ ಕಬ್ಬಿಣ ಇದೆ ಎಂದು ಬರೆದು, ಟ್ಯೂಬನ್ನು ಸಿಂಕಿಗೆ ಸುರಿದು ಮುಂದಿನ ಪರೀಕ್ಷೆಗೆ ಹೋಗುತ್ತೇವೆ. ಹಾಗೆ ಸುರಿದುಬಿಟ್ಟದ್ದು ಮುನ್ನೂರು ವರ್ಷಗಳಿಂದ ಚಿತ್ರಕಾರರು ಬಳಸುತ್ತಾ ಬಂದಿರುವ ಬಣ್ಣ.

ಅದನ್ನೇ ಸುರಿಯದೆ ಉಳಿಸಿಕೊಂಡು ಚಿತ್ರ ಬರೆಯುವ ಬಣ್ಣವಾಗಿ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಇದನ್ನು ಬಿ.ಎಸ್ಸಿ. ಮಕ್ಕಳ ಜೊತೆ ಹಲವು ಸಲ ಮಾಡಿದ್ದೇನೆ, ಕೆಡಿಸಿಯೂ ಇದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನೀಲಿ ಬರಿಸುವುದು ಕಷ್ಟವೇ ಅಲ್ಲ. ತೊಳೆಯುವುದು, ಸೋಸುವುದು, ಅರೆಯುವುದು ಇದೆಯಲ್ಲ, ಅದೇ ನಿಜವಾದ ಕೆಲಸ.

ಬೇರೆ ನೀಲಿ ಯಾಕೆ ಬೇಡ

"ಸರ್, ಮೈಲುತುತ್ತವೂ ನೀಲಿ ಅಲ್ವಾ, ಅದನ್ನೇ ಅರೆದು ಬಳಿದರೆ ಆಗಲ್ವಾ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಡಿಕೆ ತೋಟದ ಮನೆಯಿಂದ ಬಂದವರಿಗೆ ಈ ಪ್ರಶ್ನೆ ಸಹಜವೇ. ಆದರೆ ಮೈಲುತುತ್ತ ನೀರಿನಲ್ಲಿ ಕರಗುತ್ತದೆ. ಬಣ್ಣದ ಪುಡಿ ಕರಗಬಾರದು. ಅದು ಸಣ್ಣ ಸಣ್ಣ ಕಣವಾಗಿ ಅಂಟಿನಲ್ಲೋ ಎಣ್ಣೆಯಲ್ಲೋ ತೇಲಿಕೊಂಡಿರಬೇಕು, ಒಣಗಿದ ಮೇಲೆ ಅಲ್ಲೇ ಕೂತಿರಬೇಕು. ಕರಗುವ ಬಣ್ಣ ಬಟ್ಟೆಗೆ ಸರಿ, ಚಿತ್ರಕ್ಕೆ ಅಷ್ಟು ಹೊಂದುವುದಿಲ್ಲ.

ಕರಗದ ನೀಲಿಗಳಲ್ಲಿ ಅಲ್ಟ್ರಾಮರೀನ್ ಇದೆ. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ, ಗೋಡೆಯ ಸುಣ್ಣಕ್ಕೆ ಚಿಟಿಕೆ ಹಾಕುತ್ತಿದ್ದ ನೀಲಿ ಪುಡಿ ಅದೇ. ಅದನ್ನು ಮಾಡಲು ಜೇಡಿ, ಸೋಡಾ, ಗಂಧಕ, ಇದ್ದಿಲು ಸೇರಿಸಿ ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಬೇಕು. ಗಂಧಕದ ಹೊಗೆ ಬೇರೆ. 1802ರಲ್ಲಿ ಫ್ರಾನ್ಸಿನ ತೆನಾರ್ ಮಾಡಿದ ಕೋಬಾಲ್ಟ್ ನೀಲಿಗೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬೇಕು. 2009ರಲ್ಲಿ ಅಮೆರಿಕದ ಓರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ, ಮದ್ರಾಸ್ ಐಐಟಿಯಲ್ಲಿ ಓದಿದ ಮಾಸ್ ಸುಬ್ರಮಣಿಯನ್ ಅವರ ತಂಡಕ್ಕೆ ಸಿಕ್ಕಿದ ಹೊಸ ನೀಲಿಗೂ ಅಂಥದ್ದೇ ಬಿಸಿ ಬೇಕು, ಮೇಲೆ ಇಂಡಿಯಂ ಎಂಬ ದುಬಾರಿ ಲೋಹ ಕೂಡ. ನಮ್ಮ ಕಾಲೇಜುಗಳಲ್ಲಿ ಆ ಕುಲುಮೆ ಎಲ್ಲಿಂದ ತರೋಣ? ಪ್ರಷ್ಯನ್ ನೀಲಿಗೆ ಎರಡು ಬೀಕರ್ ಸಾಕು. ಒಲೆಯೂ ಬೇಡ.

ಎಡವಟ್ಟಿನಿಂದ ಹುಟ್ಟಿದ ಬಣ್ಣ

ಈ ಬಣ್ಣ ಹುಟ್ಟಿದ್ದೂ ಒಂದು ಕೆಟ್ಟ ಬ್ಯಾಚಿನಿಂದಲೇ. ಸುಮಾರು 1706, ಬರ್ಲಿನ್. ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೊಚಿನೀಲ್ ಹುಳದಿಂದ ಕೆಂಪು ಬಣ್ಣ ಮಾಡುತ್ತಿದ್ದ. ಅದಕ್ಕೆ ಪಟಿಕ, ಅನ್ನಭೇದಿ ಮತ್ತು ಪೊಟ್ಯಾಶ್ ಎಂಬ ಕ್ಷಾರ ಬೇಕು. ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ನಮ್ಮ ಹಿರಿಯರು ಅಳಲೆಕಾಯಿ ಜೊತೆ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ. ಪೊಟ್ಯಾಶ್ ಮುಗಿದಿತ್ತು. ಡಿಪೆಲ್ ಎಂಬ ರಸವಾದಿಯಿಂದ ಸ್ವಲ್ಪ ತಂದ. ಆ ಪೊಟ್ಯಾಶನ್ನು ಡಿಪೆಲ್ ಮೊದಲೇ ಪ್ರಾಣಿಗಳ ರಕ್ತದಿಂದ ತೆಗೆದ ಎಣ್ಣೆಗೆ ಬಳಸಿದ್ದ. ಕೆಂಪು ಬರಬೇಕಾದ ಕಡೆ ನೀಲಿ ಬಂತು. ರಕ್ತದ ಇಂಗಾಲ, ಸಾರಜನಕ ಪೊಟ್ಯಾಶ್ ಜೊತೆ ಕಾದು ಸಯನೈಡ್ ಆಗಿ, ಅದು ಕಬ್ಬಿಣ ಹಿಡಿದುಕೊಂಡಿತ್ತು. ಅಂದಹಾಗೆ ಈ ಡಿಪೆಲ್ ಹುಟ್ಟಿದ್ದು ಫ್ರಾಂಕೆನ್‌ಸ್ಟೈನ್ ಎಂಬ ಕೋಟೆಯಲ್ಲಿ. ಹೆಣದ ತುಂಡುಗಳಿಂದ ಜೀವಿ ಮಾಡುವ ಕಥೆಯ ಹೆಸರೂ ಅದೇ. ರಕ್ತ, ಮೂಳೆ ಕಾಯಿಸುವ ಮನುಷ್ಯನಿಗೆ ತಕ್ಕ ಜಾಗವೇ.

ತಯಾರಿಸುವ ವಿಧಾನ ಸುಮಾರು ಎರಡು ದಶಕ ಗುಟ್ಟಾಗಿತ್ತು. 1724ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಅದನ್ನು ಅಚ್ಚು ಹಾಕಿಸಿದ ಮೇಲೆ ಯುರೋಪಿನಲ್ಲೆಲ್ಲ ಮಾಡತೊಡಗಿದರು. ಅಲ್ಲಿಯವರೆಗೆ ಒಳ್ಳೆಯ ನೀಲಿ ಬೇಕೆಂದರೆ ಆಫ್ಘಾನಿಸ್ತಾನದ ಬದಖ್ಶಾನ್ ಗಣಿಯ ಲಾಜವರ್ದ ಕಲ್ಲನ್ನೇ ಅರೆಯಬೇಕಿತ್ತು, ಬೆಲೆ ಚಿನ್ನದ ಮಾತು. ಜಪಾನಿಗೆ ಹೋದ ಇದೇ ಬರ್ಲಿನ್ ನೀಲಿಯಿಂದ 1831ರ ಸುಮಾರಿಗೆ ಅಲ್ಲಿನ ಚಿತ್ರಕಾರ ಹೊಕುಸಾಯಿ ತನ್ನ ದೊಡ್ಡ ಅಲೆಯ ಚಿತ್ರ ಅಚ್ಚು ಹಾಕಿದ.

ಕೆಲಸಕ್ಕೆ ಮೊದಲು: ಸಯನೈಡ್ ಎಂಬ ಹೆಸರು

ಫೆರೋಸಯನೈಡ್ ಬಾಟಲಿ ಕಂಡರೆ ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇದರಲ್ಲಿ ಸಯನೈಡನ್ನು ಕಬ್ಬಿಣ ಬಿಗಿಯಾಗಿ ಹಿಡಿದಿಟ್ಟಿದೆ. ಸಯನೈಡಿನ ವಿಷ ಇದಕ್ಕಿಲ್ಲ. ಉಪ್ಪು ಗಂಟು ಕಟ್ಟದಿರಲಿ ಅಂತ ಇದನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಅಡುಗೆ ಉಪ್ಪಿಗೂ ಹಾಕುತ್ತಾರೆ. ಪ್ಯಾಕೆಟ್ ಮೇಲೆ 536 ಎಂಬ ಸಂಖ್ಯೆ ಇದ್ದರೆ ಅದು ಇದೇ.

ಹಾಗಂತ ಸಲಿಗೆ ಬೇಡ. ಈ ನಾಲ್ಕು ಮಾತು ಬೋರ್ಡಿನ ಮೇಲೆ ಬರೆದೇ ನಾನು ಶುರು ಮಾಡುವುದು:

- ಫೆರೋಸಯನೈಡಿಗಾಗಲಿ, ಆದ ನೀಲಿಗಾಗಲಿ ಗಾಢ ಆಸಿಡ್ ಸೇರಿಸಬೇಡಿ. ಆಸಿಡ್ ಹಾಕಿ ಕಾಯಿಸುವುದಂತೂ ಬೇಡವೇ ಬೇಡ. ಕಬ್ಬಿಣದ ಹಿಡಿತ ಬಿಟ್ಟು ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ. ಅದು ಪ್ರಾಣ ತೆಗೆಯುವ ವಿಷ.
- ನೀಲಿ ಪುಡಿಯನ್ನು ಸುಡಬೇಡಿ. ಕಾದರೆ ಅದೂ ಒಡೆದು ವಿಷಾನಿಲ ಬಿಡುತ್ತದೆ.
- ಫೆರಿಕ್ ಕ್ಲೋರೈಡ್ ಚರ್ಮ, ಕಣ್ಣು, ಲೋಹ ಎಲ್ಲವನ್ನೂ ಕೊರೆಯುತ್ತದೆ. ಕನ್ನಡಕ, ಕೈಗವಸು, ಹಳೆಯ ಏಪ್ರನ್ ಇರಲಿ.
- ಮನೆಯ ಅಡುಗೆಮನೆಯಲ್ಲಿ ಮಾಡಬೇಡಿ. ಗಾಳಿಯಾಡುವ ಲ್ಯಾಬಿನಲ್ಲಿ, ಗೊತ್ತಿದ್ದವರು ಪಕ್ಕದಲ್ಲಿರುವಾಗ ಮಾಡಿ.

ಈ ನೀಲಿಯೇ ಔಷಧವೂ ಹೌದು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾ ಊರಿನಲ್ಲಿ ವಿಕಿರಣ ಸೂಸುವ ಸೀಸಿಯಂ ಮೈಗೆ ಸೇರಿದವರಿಗೆ ಇದನ್ನೇ ಕೊಟ್ಟರು. ಈ ನೀಲಿ ಕರುಳಿನಲ್ಲಿ ಸೀಸಿಯಮನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಅದು ಔಷಧಿಯೆಂದೇ ಶುದ್ಧವಾಗಿ ತಯಾರಿಸಿದ್ದು. ನಾವು ಮಾಡುವುದನ್ನು ಯಾರೂ ನಾಲಿಗೆಗೆ ಇಡಬೇಡಿ.

ಏನೇನು ಬೇಕು

ಪೊಟ್ಯಾಸಿಯಂ ಫೆರೋಸಯನೈಡ್ 6.3 ಗ್ರಾಂ. ಇದು ನಿಂಬೆಹಳದಿ ಹರಳು. ಕೆಂಪು ಹರಳು ಬಂದಿದ್ದರೆ ವಾಪಸ್ ಇಡಿ, ಅದು ಫೆರಿಸಯನೈಡ್. ಒಂದೇ ಅಕ್ಷರದ ವ್ಯತ್ಯಾಸ ಅಂತ ಒಂದು ಸಲ ನಮ್ಮ ಗುಂಪೊಂದು ಕೆಂಪು ಬಾಟಲಿಯನ್ನೇ ತೆಗೆದುಕೊಂಡು ಅರ್ಧ ಗಂಟೆ ಕಲಕಿತು. ಬಂದದ್ದು ಕಷಾಯದ ಬಣ್ಣದ ನೀರು.

ಫೆರಿಕ್ ಕ್ಲೋರೈಡ್ 6 ಗ್ರಾಂ. ಇದು ನೀರು ಕೂಡಿದ, ಹಳದಿ ಕಂದು ಉಂಡೆಯ ರೂಪಕ್ಕೆ ಹೇಳಿದ ಲೆಕ್ಕ. ನೀರಿಲ್ಲದ ಕಪ್ಪು ಪುಡಿಯಾದರೆ 3.6 ಗ್ರಾಂ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯಲು ಇದನ್ನು ಮಾರುತ್ತಾರೆ. ಆದರೆ ಲ್ಯಾಬ್ ದರ್ಜೆಯದ್ದು ಸಿಕ್ಕರೆ ಅದೇ ಒಳ್ಳೆಯದು. ಕಪ್ಪು ಪುಡಿಗೆ ನೀರು ಸುರಿದರೆ ಸುಯ್ಯೆಂದು ಕಾಯುತ್ತದೆ. ಅದಕ್ಕೇ ನೀರಿಗೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು.

ಲೆಕ್ಕ ಹೀಗೆ. ನಾಲ್ಕು ಪಾಲು ಫೆರಿಕ್ ಕ್ಲೋರೈಡಿಗೆ ಮೂರು ಪಾಲು ಫೆರೋಸಯನೈಡ್, ಮೋಲ್ ಲೆಕ್ಕದಲ್ಲಿ, ಅಂದರೆ ತೂಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ. ಆ ಪ್ರಕಾರ ನೀರು ಕೂಡಿದ ಫೆರಿಕ್ ಕ್ಲೋರೈಡ್ 5.4 ಗ್ರಾಂ ಸಾಕಿತ್ತು. ಬೇಕೆಂದೇ ಸ್ವಲ್ಪ ಜಾಸ್ತಿ ತಗೊಂಡಿದ್ದೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೊತೆಗೆ ಡಿಸ್ಟಿಲ್ಡ್ ವಾಟರ್ ಐದಾರು ಲೀಟರ್, ಒಂದು ಲೀಟರಿನ ಬೀಕರ್, ಎರಡು ಚಿಕ್ಕ ಬೀಕರ್, ಗಾಜಿನ ಕಡ್ಡಿ, ಆಲಿಕೆ, ಫಿಲ್ಟರ್ ಪೇಪರ್, ಹಳೆಯ ಪಂಚೆಯ ತುಂಡು. ಪಂಚೆ ತಮಾಷೆಗೆ ಹೇಳಿದ್ದಲ್ಲ.

ಮೊದಲ ದಿನ: ನೀಲಿ ಬರಿಸುವುದು

ಎರಡನ್ನೂ ಬೇರೆ ಬೇರೆಯಾಗಿ ತಲಾ 100 ಮಿ.ಲೀ. ನೀರಿನಲ್ಲಿ ಕರಗಿಸಿ. ಒಂದು ತಿಳಿಹಳದಿ, ಇನ್ನೊಂದು ಕಡಕ್ ಚಹಾದ ಹಾಗೆ. ಫೆರಿಕ್ ಕ್ಲೋರೈಡ್ ದ್ರಾವಣ ಆವತ್ತೇ ಮಾಡಿದ್ದಿರಲಿ. ವಾರಗಟ್ಟಲೆ ಇಟ್ಟದ್ದರಲ್ಲಿ ತುಕ್ಕಿನಂಥ ಗಸಿ ಕೂತಿರುತ್ತದೆ, ಅದು ಸೇರಿದರೆ ನೀಲಿ ಹಸಿರಿಗೆ ತಿರುಗುತ್ತದೆ.

ಈಗ ಕ್ರಮ ಮುಖ್ಯ. ಫೆರಿಕ್ ಕ್ಲೋರೈಡನ್ನು ದೊಡ್ಡ ಬೀಕರಿಗೆ ಹಾಕಿ. ಅದನ್ನು ಕಲಕುತ್ತಾ ಫೆರೋಸಯನೈಡನ್ನು ಸಣ್ಣ ಧಾರೆಯಾಗಿ ಬಿಡಿ, ಹತ್ತು ನಿಮಿಷ ಹಿಡಿದರೂ ಸರಿ. ಉಲ್ಟಾ ಮಾಡಿದರೆ, ಅಂದರೆ ಫೆರೋಸಯನೈಡ್ ಜಾಸ್ತಿ ಇರುವ ಕಡೆಗೆ ಕಬ್ಬಿಣ ಹಾಕಿದರೆ, ಪೊಟ್ಯಾಸಿಯಂ ಒಳಗೆ ಸೇರಿಕೊಂಡು ಕಣಗಳು ತೀರಾ ನುಣ್ಣಗಾಗುತ್ತವೆ. ಹೆಸರೇ "ಕರಗುವ ಪ್ರಷ್ಯನ್ ನೀಲಿ". ನಿಜವಾಗಿ ಕರಗುವುದಿಲ್ಲ. ಆದರೆ ಯಾವ ಫಿಲ್ಟರ್ ಪೇಪರಿಗೂ ಸಿಗದೆ ನೀರಿನ ಜೊತೆಯೇ ಹೋಗಿಬಿಡುತ್ತದೆ. ಕಬ್ಬಿಣ ಸ್ವಲ್ಪ ಜಾಸ್ತಿ ತಗೊಂಡದ್ದು ಇದಕ್ಕೇ.

ಮೊದಲ ಹನಿ ಬಿದ್ದ ಕಡೆ ನೀಲಿ ಹೊಗೆ ಎದ್ದ ಹಾಗೆ ಕಾಣುತ್ತದೆ. ಎರಡನೇ ನಿಮಿಷಕ್ಕೆ ಬೀಕರ್ ಪೂರ್ತಿ ಕಪ್ಪು. ಹೆದರಬೇಡಿ, ಕಡ್ಡಿಯನ್ನು ಎತ್ತಿ ಬಿಳಿ ಟೈಲ್ ಮೇಲೆ ಎಳೆದು ನೋಡಿ, ನೀಲಿಯೇ ಇದೆ. ಕೊನೆಗೆ ರಾಗಿ ಗಂಜಿಯಷ್ಟು ಗಟ್ಟಿಯಾಗುತ್ತದೆ. ಕಾಲು ಗಂಟೆ ಕಲಕುತ್ತಲೇ ಇರಿ.

ಒಂದು ಚಿಕ್ಕ ಪರೀಕ್ಷೆ ಮಾಡಿ. ಫಿಲ್ಟರ್ ಪೇಪರ್ ಮೇಲೆ ಬೀಕರಿನಿಂದ ಒಂದು ಹನಿ ಬಿಡಿ. ನಡುವೆ ನೀಲಿ ಚುಕ್ಕಿ ಕೂರುತ್ತದೆ, ಸುತ್ತ ನೀರು ಹರಡಿಕೊಳ್ಳುತ್ತದೆ. ಆ ನೀರಿನ ಅಂಚಿಗೆ ಫೆರೋಸಯನೈಡ್ ದ್ರಾವಣ ಮುಟ್ಟಿಸಿ. ಅಂಚು ನೀಲಿಯಾದರೆ ಕಬ್ಬಿಣ ಉಳಿದಿದೆ, ಸರಿ ಇದೆ. ಆಗದಿದ್ದರೆ ಇನ್ನಷ್ಟು ಫೆರಿಕ್ ಕ್ಲೋರೈಡ್ ದ್ರಾವಣ ಹಾಕಿ.

ಅಷ್ಟು ನೀಲಿ ಎಲ್ಲಿಂದ ಬಂತು? ಈ ವಸ್ತುವಿನೊಳಗೆ ಎರಡು ಬಗೆಯ ಕಬ್ಬಿಣ ಇದೆ, ಒಂದರಲ್ಲಿ ಎಲೆಕ್ಟ್ರಾನ್ ಒಂದು ಹೆಚ್ಚು. ನಡುವೆ ಸಯನೈಡಿನ ಸೇತುವೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಈ ಕಬ್ಬಿಣದಿಂದ ಆ ಕಬ್ಬಿಣಕ್ಕೆ ಹಾರುತ್ತದೆ. ಹಾರಲು ಬೇಕಾದ ಶಕ್ತಿಯನ್ನು ಅದು 700 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕಿನಿಂದ ಕಿತ್ತುಕೊಳ್ಳುತ್ತದೆ. ಕೆಂಪು ಹೋದರೆ ಕಣ್ಣಿಗೆ ಉಳಿಯುವುದು ನೀಲಿ.

ಬೀಕರಿಗೆ ನೀರು ತುಂಬಿ ಒಂದು ಲೀಟರ್ ಮಾಡಿ, ಮುಚ್ಚಿ, ರಾತ್ರಿಯಿಡೀ ಅಲ್ಲಾಡಿಸದೆ ಬಿಡಿ. ಬಿಸಿಲಿಗೆ ಇಡಬೇಡಿ.

ಎರಡನೇ ದಿನ: ತೊಳೆಯುವುದು, ಅಂದರೆ ಕಾಯುವುದು

ಬೆಳಗ್ಗೆ ಬಂದು ನೋಡಿದರೆ ತಳದಲ್ಲಿ ನೀಲಿ ಗಸಿ, ಮೇಲೆ ತಿಳಿ. ಗಸಿ ಕದಡದ ಹಾಗೆ ತಿಳಿಯನ್ನು ಬಸಿಯಿರಿ. ಮತ್ತೆ ಒಂದು ಲೀಟರಿಗೆ ನೀರು ತುಂಬಿ, ಕಲಕಿ, ಬಿಡಿ. ಅಕ್ಕಿ ತೊಳೆದ ಹಾಗೆಯೇ, ಆದರೆ ಅಕ್ಕಿ ಕ್ಷಣದಲ್ಲಿ ಕೂರುತ್ತದೆ, ಇದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಪ್ರತಿ ಸಲ ಐದರಲ್ಲಿ ನಾಲ್ಕು ಪಾಲು ನೀರು ತೆಗೆದರೆ, ನಾಲ್ಕು ತೊಳೆತಕ್ಕೆ ಉಳಿಯುವ ಉಪ್ಪು 625ರಲ್ಲಿ ಒಂದು ಪಾಲು. ಅಷ್ಟು ಸಾಕು.

ಯಾಕೆ ಇಷ್ಟು ತೊಳೆಯಬೇಕು? ಕ್ರಿಯೆಯಲ್ಲಿ ನೀಲಿಯ ಜೊತೆ ಪೊಟ್ಯಾಸಿಯಂ ಕ್ಲೋರೈಡೂ ಹುಟ್ಟುತ್ತದೆ. ಅದು ಉಳಿದರೆ ಬಳಿದ ಬಣ್ಣ ಒಣಗಿದ ಮೇಲೆ ಬಿಳಿ ಪೊರೆ ಬರುತ್ತದೆ. ಉಳಿದ ಫೆರಿಕ್ ಕ್ಲೋರೈಡ್ ಕಾಗದವನ್ನೇ ತಿನ್ನುತ್ತದೆ.

ಇಲ್ಲೊಂದು ತಮಾಷೆ ಇದೆ. ಜಾಸ್ತಿ ತೊಳೆದರೂ ಕಷ್ಟ. ಕಣಗಳನ್ನು ಒಟ್ಟಿಗೆ ಕೂರಿಸಿದ್ದೇ ಆ ಉಪ್ಪು. ಅದು ಪೂರ್ತಿ ಹೋದರೆ ಕಣಗಳು ಬಿಡಿಬಿಡಿಯಾಗಿ ತೇಲತೊಡಗುತ್ತವೆ, ತಿಳಿ ಮತ್ತೆ ನೀಲಿಯಾಗುತ್ತದೆ. ಮೊದಲ ಸಲ ನಾನು ಶುದ್ಧವಾಗಲಿ ಅಂತ ಏಳು ಸಲ ತೊಳೆದೆ. ಏಳನೆಯದ್ದು ಎರಡು ದಿನವಾದರೂ ಕೂರಲಿಲ್ಲ. ಅರ್ಧಕ್ಕರ್ಧ ಬಣ್ಣ ಬಸಿದ ನೀರಿನಲ್ಲೇ ಹೋಯಿತು. ಈಗ ನನ್ನ ನಿಯಮ ಇಷ್ಟೇ: ತಿಳಿಯಲ್ಲಿ ನೀಲಿಯ ಸುಳಿವು ಕಂಡ ಕೂಡಲೇ ನಿಲ್ಲಿಸುವುದು. ಆಗಲೇ ತೇಲಲು ಶುರುವಾಗಿದ್ದರೆ ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿದರೆ ಮತ್ತೆ ಕೂರುತ್ತದೆ.

ಈಗ ಸೋಸುವುದು. ಬರೀ ಫಿಲ್ಟರ್ ಪೇಪರ್ ಹಾಕಿದರೆ ಹತ್ತು ನಿಮಿಷಕ್ಕೆ ತೂತೆಲ್ಲ ಕಟ್ಟಿ, ನಿಮಿಷಕ್ಕೆ ಒಂದು ಹನಿ ಇಳಿಯುತ್ತದೆ. ನಾನು ಮಾಡುವುದು ಹೀಗೆ. ಪಂಚೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಆಲಿಕೆಯಲ್ಲಿ ಹಾಸಿ, ಅದರ ಮೇಲೆ ಪೇಪರ್ ಇಟ್ಟು, ಗಸಿಯನ್ನು ಚಮಚ ಚಮಚವಾಗಿ ಹಾಕುತ್ತೇನೆ. ಪೇಪರ್ ಹರಿದರೂ ಬಟ್ಟೆ ಕೆಳಗೆ ಹಿಡಿದುಕೊಳ್ಳುತ್ತದೆ. ಸೆಂಟ್ರಿಫ್ಯೂಜ್, ಅಂದರೆ ಗರಗರ ತಿರುಗಿಸಿ ಗಸಿ ಕೂರಿಸುವ ಯಂತ್ರ, ಇದ್ದವರು ಪುಣ್ಯವಂತರು, ಈ ಪ್ಯಾರಾ ಬಿಟ್ಟುಬಿಡಿ.

ಬಸಿದ ನೀರನ್ನೆಲ್ಲ ಒಂದು ಕ್ಯಾನಿಗೆ ತುಂಬಿ, ಏನೆಂದು ಹೆಸರು ಬರೆದು ಲ್ಯಾಬಿನ ತ್ಯಾಜ್ಯಕ್ಕೆ ಕೊಡಿ. ಆ ಕ್ಯಾನಿಗೆ ಬೇರೆಯವರು ಆಸಿಡ್ ಸುರಿಯದ ಹಾಗೆ ದೊಡ್ಡದಾಗಿ ಬರೆಯಿರಿ.

ಒಣಗಿಸಬೇಕಾ?

ಎಣ್ಣೆ ಬಣ್ಣ ಮಾಡುವುದಾದರೆ ಒಣಗಿಸಲೇಬೇಕು. ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಎರಡು ಮೂರು ದಿನ ನೆರಳಲ್ಲಿ ಬಿಡಿ. ಅವಸರ ಇದ್ದರೆ ಓವನ್ನಿನಲ್ಲಿ 50 ಡಿಗ್ರಿ, ಅದಕ್ಕಿಂತ ಮೇಲೆ ಬೇಡ. ಒಣಗುತ್ತಾ ಅದು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಚೂರುಗಳು ಕಪ್ಪು ಕಲ್ಲಿನ ಥರ, ಓರೆಯಾಗಿ ನೋಡಿದರೆ ತಾಮ್ರದ ಹೊಳಪು. "ಸರ್, ಕಾಪರ್ ಸೇರಿಕೊಂಡಿದೆ" ಅಂತ ಓಡಿ ಬರುತ್ತಾರೆ. ಏನೂ ಸೇರಿಲ್ಲ. ಈ ನೀಲಿ ದಟ್ಟವಾದಾಗ ಮಿಂಚುವುದೇ ಹಾಗೆ.

ಎಲ್ಲ ಸರಿಯಾಗಿ ಉಳಿದರೆ, ಒಳಗಿನ ನೀರು ಬಿಟ್ಟು ಲೆಕ್ಕದ ಪ್ರಕಾರ 4.3 ಗ್ರಾಂ ಬರಬೇಕು. ಗಾಳಿಯಲ್ಲಿ ಒಣಗಿದ್ದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ತಕ್ಕಡಿ ಅದಕ್ಕಿಂತ ಜಾಸ್ತಿ ತೋರಿಸಬಹುದು. ರೆಕಾರ್ಡಿನಲ್ಲಿ ನೂರಕ್ಕೆ ನೂರಿಪ್ಪತ್ತು ಬಂತು ಅಂತ ಬರೆದು ಬೀಗಬೇಡಿ.

ಜಲವರ್ಣಕ್ಕಾದರೆ ನಾನು ಒಣಗಿಸುವುದನ್ನೇ ಬಿಟ್ಟಿದ್ದೇನೆ. ಒಮ್ಮೆ ಕಲ್ಲಾದ ಮೇಲೆ ಮೊದಲಿನ ನುಣುಪಿಗೆ ಅರೆಯುವುದು ತೋಳಿನ ಕೆಲಸ. ಮೊಸರಿನಷ್ಟು ಗಟ್ಟಿಯಾದ ಹಸಿ ಗಸಿಯನ್ನೇ ನೇರವಾಗಿ ಅಂಟಿಗೆ ಸೇರಿಸಿದರೆ ಬಣ್ಣ ಎಷ್ಟೋ ಚೆನ್ನಾಗಿ ಬರುತ್ತದೆ.

ಮೂರನೇ ದಿನ: ಅರೆಯುವುದು

ಅಂಟು ಹಿಂದಿನ ರಾತ್ರಿಯೇ ನೆನೆಸಿಡಿ. ಅರೇಬಿಕ್ ಗೋಂದು 10 ಗ್ರಾಂ, ಬಿಸಿನೀರು 20 ಮಿ.ಲೀ. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಗ್ಲಿಸರಿನ್ ಒಂದು ಚಮಚ, ಬೂಷ್ಟು ಹಿಡಿಯದಿರಲು ಲವಂಗದ ಎಣ್ಣೆ ಎರಡು ಹನಿ.

ಒಣ ಪುಡಿಯಾದರೆ ಮೊದಲು ಕಲ್ಬತ್ತಿನಲ್ಲಿ ಕುಟ್ಟಿ. ಮೂಗಿಗೆ ಮಾಸ್ಕ್ ಇರಲಿ, ಫ್ಯಾನ್ ಆಫ್ ಇರಲಿ. ಫ್ಯಾನ್ ಹಾಕಿಕೊಂಡು ಕುಟ್ಟಿದವರ ಟೇಬಲ್ಲು, ಪುಸ್ತಕ, ಕಿವಿ ಏನಾಗಿತ್ತು ಅಂತ ನಾನು ಬಲ್ಲೆ. 2 ಗ್ರಾಂ ಪುಡಿಯನ್ನು ದಪ್ಪ ಗಾಜಿನ ಹಲಗೆ ಮೇಲೆ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಮೊದಲು ನಾಲ್ಕು ಹನಿ ಸ್ಪಿರಿಟ್ ಬಿಡಿ. ಈ ಪುಡಿ ನೀರಿಗೆ ಸುಲಭಕ್ಕೆ ಒಗ್ಗುವುದಿಲ್ಲ, ಸ್ಪಿರಿಟ್ ದಾರಿ ಮಾಡಿಕೊಡುತ್ತದೆ. ಆಮೇಲೆ ಅಂಟು ಸುಮಾರು 3 ಮಿ.ಲೀ., ಸ್ವಲ್ಪ ಸ್ವಲ್ಪವಾಗಿ.

ಅರೆಯಲು ತಳ ಸಪಾಟಾದ ಗಾಜಿನ ಗುಂಡು ಸಿಗುತ್ತದೆ. ಇಲ್ಲದಿದ್ದರೆ ತಳ ಸಪಾಟಾದ ಭಾರದ ಗಾಜಿನ ಬಾಟಲಿ ನಡೆಯುತ್ತದೆ. ಎಂಟರ ಆಕಾರದಲ್ಲಿ ಅರೆಯಿರಿ, 8, ನಮ್ಮ ೮ ಅಲ್ಲ. ಹತ್ತು ನಿಮಿಷಕ್ಕೊಮ್ಮೆ ಸಪಾಟು ಚಾಕುವಿನಿಂದ ಎಲ್ಲವನ್ನೂ ನಡುವಿಗೆ ಎಳೆದು ಮತ್ತೆ ಶುರು. ಕಿವಿಗೊಡಿ. ಮೊದಲು ಸರಸರ ಅನ್ನುತ್ತದೆ, ಮರಳು ಇದ್ದ ಹಾಗೆ. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಸದ್ದು ನಿಂತು ಗುಂಡು ಜಾರತೊಡಗುತ್ತದೆ. ಅಲ್ಲಿಗೆ ಆಯಿತು. ಹಸಿ ಗಸಿಯಾದರೆ ಹತ್ತು ಹದಿನೈದು ನಿಮಿಷ ಸಾಕು. ಎಣ್ಣೆ ಬಣ್ಣಕ್ಕೆ ಅಂಟಿನ ಬದಲು ಅಗಸೆ ಎಣ್ಣೆ, ಉಳಿದದ್ದೆಲ್ಲ ಅದೇ.

ಚಿಕ್ಕ ಡಬ್ಬಿಗೆ ತುಂಬಿಡಿ. ಈ ನೀಲಿಯ ಜೋರು ಗೊತ್ತಿರಲಿ: ಕಡ್ಡಿ ತುದಿಯಷ್ಟು ಸಾಕು, ಒಂದು ಚಮಚ ಬಿಳಿ ಬಣ್ಣ ಆಕಾಶವಾಗುತ್ತದೆ.

ಸುಣ್ಣ ಮತ್ತು ಸೋಪು

ಈ ಬಣ್ಣಕ್ಕೆ ಒಬ್ಬ ಶತ್ರು ಇದ್ದಾನೆ, ಕ್ಷಾರ. ಸುಣ್ಣದ ಗೋಡೆಗೆ, ಹೊಸ ಸಿಮೆಂಟಿಗೆ ಬಳಿಯಬೇಡಿ. ಕ್ಷಾರ ಸಿಕ್ಕಿದರೆ ಒಡೆದು ತುಕ್ಕಿನ ಬಣ್ಣಕ್ಕೆ ಬರುತ್ತದೆ. ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ಒಂದು ಸಲ ಬಿಳಿ ಶರ್ಟಿನ ತೋಳಿಗೆ ನೀಲಿ ಮೆತ್ತಿಕೊಂಡು ಮನೆಗೆ ಹೋದೆ. ಹೆಂಡತಿ ಬಾರ್ ಸೋಪ್ ಹಾಕಿ ಗಸಗಸ ಉಜ್ಜಿದಳು. "ಏನ್ರೀ ಇದು, ನೀಲಿ ಹೋಗಿ ತುಕ್ಕು ಬಂತಲ್ಲ!" ಅಂದಳು. ನಾನು ಖುಷಿಯಿಂದ ಕೆಮಿಸ್ಟ್ರಿ ವಿವರಿಸಲು ಹೊರಟೆ, ಅವಳು ಬಕೆಟ್ ನನ್ನ ಕೈಗೆ ಕೊಟ್ಟಳು. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದ ಮೇಲೆ ಕಲೆ ಬಹುಪಾಲು ಹೋಯಿತು.

ನೀವು ಶರ್ಟ್ ಹಾಳು ಮಾಡಿಕೊಳ್ಳಬೇಕಿಲ್ಲ. ದಪ್ಪ ಕಾಗದದ ಕಾರ್ಡ್ ಮೇಲೆ ನಿಮ್ಮ ಬಣ್ಣವನ್ನು ಮೂರು ಪಟ್ಟಿ ಬಳಿಯಿರಿ: ಒಂದು ಗಾಢವಾಗಿ, ಒಂದು ನೀರು ಬೆರೆಸಿ ತೆಳ್ಳಗೆ, ಒಂದು ಬಿಳಿ ಬೆರೆಸಿ. ಒಣಗಿದ ಮೇಲೆ ಒಂದು ಮೂಲೆಗೆ ಎಲೆಯಡಿಕೆಯ ಸುಣ್ಣ ನೀರು ಮಾಡಿ ತಾಗಿಸಿ, ಕಂದಾಗುವುದನ್ನು ನೋಡಿ. ಇನ್ನೊಂದು ತುದಿಯನ್ನು ಅರ್ಧ ಮುಚ್ಚಿ ಕಿಟಕಿಯ ಬಿಸಿಲಿಗೆ ಅಂಟಿಸಿ. ಬಿಳಿ ಬೆರೆಸಿದ ಪಟ್ಟಿಯೇ ಮೊದಲು ಮಾಸುವುದು. ಮಾಸಿದ್ದನ್ನು ಕತ್ತಲೆಯ ಡ್ರಾಯರಿನಲ್ಲಿಟ್ಟರೆ ಬಣ್ಣ ಸ್ವಲ್ಪ ಮರಳುತ್ತದೆ. ಕಾರ್ಡಿನ ಹಿಂದೆ ತಾರೀಖು, ಎಷ್ಟು ಸಲ ತೊಳೆದಿರಿ, ಒಣಗಿಸಿದ್ದಾ ಹಸಿಯದ್ದಾ ಅಂತ ಬರೆದಿಡಿ. ಎರಡನೇ ಬ್ಯಾಚ್ ಮಾಡುವಾಗ ಅದು ಪಕ್ಕದಲ್ಲಿರಲಿ.